ಎರಡೂ ಕೂಡಿಸಿದ್ರ ಯಾವ ನೌಕರಿ?

ಕಾರಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಎತ್ತು ಕರಿ ಹರಿಯೋದು ನೋಡೋಕಲ್ಲ, ಸಾಕ್ಷಿ ಹೇಳೋಕೆ. ಬಸವಕಲ್ಯಾಣದ ಹತ್ತಿರದ ಹಳ್ಳಿಯಲ್ಲಿರೋ ನನ್ನ ಅಕ್ಕ ಒಂದು ವಾರದಿಂದ ಬಿಡದೆ ಫೋನ್ ಮಾಡಿದ್ದಳು. ‘ನೀ ಒಮ್ಮಿ ಬಂದು ಹೇಳಿ ಹೋಗೋ. ನಮ್ ಮಾತಂತೂ ಕೇಳಂಗಿಲ್ಲ, ನಿಂದಾದ್ರ ಕೇಳ್ತಾಳ.’

ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಳಿದಾಗ ಭಾವ ಮೋಟರ್‌ಸೈಕಲ್ ತಗೊಂಡು ನಿಂತಿದ್ದರು. ಮನೆ ಮುಟ್ಟೋ ಮೊದಲೇ ಕೇಸು ಶುರುವಾಯ್ತು. ‘ನೀಟ್ ಹೋತು ಬಿಡು. ಕೀ ಆನ್ಸರ್ ಹಚ್ಚಿ ನೋಡ್ಯಾಳ, ಸರ್ಕಾರಿ ಸೀಟ್ ಬರಂಗಿಲ್ಲ. ಸಿಇಟಿದಾಗ ನಂಬರ್ ಛಲೋ ಬಂದಾದ. 371(ಜೆ) ಸರ್ಟಿಫಿಕೇಟ್ ಕೈಯಾಗ ಅದ. ಕಂಪ್ಯೂಟರ್ ಸೈನ್ಸ್ ಸಿಗ್ತದ. ತಗೋ ಅಂದ್ರ ಒಲ್ಲೆ ಅಂತಾಳ. ಅದೇನೋ ಬಯೋ ಅಂತಾಳ, ಫಿಜಿಕ್ಸ್ ಅಂತಾಳ. ಎರಡೂ ಕೂಡಿಸಿದ್ರ ಯಾವ ನೌಕರಿ ಬರ್ತದ ಕೇಳು ನಿನ್ನ ಸೊಸಿಗಿ.’

ಆ ಮನೆಯಲ್ಲಿ ನನ್ನ ಪಾತ್ರ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಕಲಬುರಗಿಯಲ್ಲಿ ಬಿಇ ಮುಗಿಸಿ, ಬೆಂಗಳೂರಿಗೆ ಹೋಗಿ, ಹುಮನಾಬಾದ್ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನ ಮಣ್ಣಿನ ಮನೆಗೆ ಆರ್‌ಸಿಸಿ ಹಾಕಿಸಿದವನು ನಾನು. ನನ್ನನ್ನು ನೋಡಿದರೆ ಸಾಕು, ಬಿಇ ಯಾಕೆ ಓದಬೇಕು ಅನ್ನೋದಕ್ಕೆ ಬೇರೆ ಪುರಾವೆ ಬೇಡ. ನಾನು ಬಾಯಿ ಬಿಡೋದೂ ಬೇಕಿಲ್ಲ, ಸುಮ್ಮನೆ ಕಟ್ಟೆ ಮೇಲೆ ಕೂತರೂ ಸಾಕು.

ಅಕ್ಕನ ಮಗಳು ಚಾ ತಂದುಕೊಟ್ಟಳು. ವಾದ ಮಾಡಲಿಲ್ಲ, ಅಳಲಿಲ್ಲ. ಒಂದೇ ಮಾತು ಹೇಳಿದಳು: ‘ಮಾಮಾ, ನೀ ಆವಾಗ ಹೇಳ್ತೀನಿ ಅಂದಿದ್ದಿ. ಇನ್ನೂ ಹೇಳಿಲ್ಲ.’

ಯಾವುದನ್ನು ಅಂತ ನನಗೆ ತಕ್ಷಣ ನೆನಪಾಯ್ತು. ಅದನ್ನು ಹೇಳದೆ ಈ ಜಗಳ ನಿಮಗೆ ಅರ್ಥ ಆಗಲ್ಲ.

2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ಶಾಲೆ ಮುಚ್ಚಿದ್ದರಿಂದ ಅವಳು ನಮ್ಮ ಹಳ್ಳಿಯಲ್ಲಿ ಮುತ್ಯಾನ ಮನೆಯಲ್ಲೇ ಇದ್ದಳು. ಆಗಿನ್ನೂ ಎಂಟನೇ ಕ್ಲಾಸು. ನಮ್ಮ ಅಪ್ಪನಿಗೆ ಜ್ವರ ಬಂತು. ನಾನು ಬೆಂಗಳೂರಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಹೇಗೋ ಮಾಡಿ ಒಂದು ಪಲ್ಸ್ ಆಕ್ಸಿಮೀಟರ್ ಕಳಿಸಿದ್ದೆ. ದಿನಕ್ಕೆ ಮೂರು ಸಲ ಮುತ್ಯಾನ ಬೆರಳಿಗೆ ಅದನ್ನು ಸಿಗಿಸಿ, ನಂಬರ್ ಬರೆದುಕೊಂಡು, ನನಗೆ ಫೋನ್ ಮಾಡೋದು ಅವಳ ಕೆಲಸ. ಮೂರನೇ ದಿನ ಅವಳು ನಂಬರ್ ಜೊತೆಗೆ ಒಂದು ತಕರಾರೂ ಹೇಳಿದಳು. ‘ಮಾಮಾ, ಮುತ್ಯಾಗ ಚಳಿ ಹತ್ತಿ ಬೆರಳು ತಣ್ಣಗಾದಾಗ ಒಂದು ನಂಬರ್ ತೋರಸ್ತದ, ಕೈ ಉಜ್ಜಿದ ಮ್ಯಾಲ ಇನ್ನೊಂದು ತೋರಸ್ತದ. ಯಾವುದು ಖರೇ?’ ಆಮೇಲೆ ಕೇಳಿದ್ದು ಇದು: ‘ಸೂಜಿ ಚುಚ್ಚಂಗಿಲ್ಲ, ರಕ್ತ ತಗೊಳ್ಳಂಗಿಲ್ಲ. ಬರೇ ಬೆಳಕಿಗಿ ರಕ್ತದಾಗಿನ ಆಕ್ಸಿಜನ್ ಹೆಂಗ ಗೊತ್ತಾಗ್ತದ?’

ನಾನು ಎಲೆಕ್ಟ್ರಾನಿಕ್ಸ್ ಬಿಇ. ಎಲ್‌ಇಡಿ, ಫೋಟೋಡಯೋಡ್ ಎರಡರ ಮೇಲೂ ಪರೀಕ್ಷೆ ಬರೆದು ಪಾಸಾದವನು. ನನಗೆ ಉತ್ತರ ಗೊತ್ತಿರಲಿಲ್ಲ. ‘ಆಮೇಲೆ ಹೇಳ್ತೀನಿ’ ಅಂದೆ. ಅಪ್ಪ ಹುಷಾರಾದರು. ನಾನು ಮರೆತೆ. ಅವಳು ಮರೆಯಲಿಲ್ಲ.

ಉತ್ತರ ಕಷ್ಟದ್ದೇನಲ್ಲ. ಆ ಕ್ಲಿಪ್ಪಿನ ಒಂದು ಕಡೆ ಎರಡು ದೀಪ ಇರ್ತವೆ. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ಬಿಟ್ಟುಕೊಡುತ್ತೆ, ಇನ್‌ಫ್ರಾರೆಡ್ಡನ್ನು ಹೆಚ್ಚು ಹೀರುತ್ತೆ. ಆಕ್ಸಿಜನ್ ಇಲ್ಲದ್ದು ಇದರ ಉಲ್ಟಾ. ಆದರೆ ಬೆರಳಲ್ಲಿ ರಕ್ತ ಮಾತ್ರ ಇಲ್ಲವಲ್ಲ, ಚರ್ಮ, ಮಾಂಸ, ಮೂಳೆ ಎಲ್ಲಾ ಇದೆ. ಅವೂ ಬೆಳಕನ್ನು ನುಂಗುತ್ತವೆ. ಜಪಾನಿನ ತಕುವೊ ಅಯೊಯಾಗಿ ಅನ್ನೋ ಇಂಜಿನಿಯರ್ 1970ರ ದಶಕದಲ್ಲಿ ಕಂಡುಕೊಂಡಿದ್ದು ಇಷ್ಟೇ: ನಾಡಿ ಬಡಿದಾಗಲೆಲ್ಲ ಏರಿಳಿಯೋ ಭಾಗವನ್ನಷ್ಟೇ ಲೆಕ್ಕಕ್ಕೆ ತಗೋ, ಏರಿಳಿಯದೆ ಇರೋದನ್ನೆಲ್ಲ ಕಳೆದುಬಿಡು. ಮಿಡಿಯೋದು ಅಪಧಮನಿಯ ರಕ್ತ ಮಾತ್ರ. ಬೆರಳು ತಣ್ಣಗಾದರೆ ಅಲ್ಲಿಗೆ ಹರಿಯೋ ರಕ್ತ ಕಡಿಮೆ, ಮಿಡಿತ ಸಣ್ಣದು, ನಂಬರ್ ನಂಬೋಕಾಗಲ್ಲ. ಎಂಟನೇ ಕ್ಲಾಸಿನ ಹುಡುಗಿ ಮುತ್ಯಾನ ಕೈ ಉಜ್ಜಿ ಕಂಡುಹಿಡಿದದ್ದು ಇದನ್ನೇ.

ಇದರ ಮುಂದಿನ ಕಥೆ ಇನ್ನೂ ಮುಖ್ಯ. ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿ ಮಾಡಿದ ಒಂದು ಅಧ್ಯಯನ 2020ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಆಕ್ಸಿಮೀಟರ್ 92ರಿಂದ 96 ತೋರಿಸಿದಾಗಲೂ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯ ರೋಗಿಗಳಲ್ಲಿ 3.6% ಸಲ, ಕಪ್ಪು ರೋಗಿಗಳಲ್ಲಿ 11.7% ಸಲ. ಸುಮಾರು ಮೂರು ಪಟ್ಟು. ಮೆಷೀನಿಗೆ ಜಾತಿ ದ್ವೇಷ ಇಲ್ಲ. ಮೆಲನಿನ್ ಬೆಳಕನ್ನು ಹೀರುತ್ತೆ, ಆ ಲೆಕ್ಕ ಸರಿ ಮಾಡೋಕೆ ಸಾಕಷ್ಟು ಕಪ್ಪು ಬೆರಳುಗಳ ಮೇಲೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಇದನ್ನು ಓದಿದ ದಿನ ನಾನು ಅಪ್ಪನ ಬೆರಳನ್ನು ನೆನೆಸಿಕೊಂಡೆ. ಬಿಸಿಲಲ್ಲಿ ತೊಗರಿ ಕೊಯ್ದು ಕೊಯ್ದು ಕರ್ರಗಾದ ಬೆರಳು. ಆ ಬೆರಳಿನ ಲೆಕ್ಕ ಯಾರು ಮಾಡಬೇಕು?

ಬೆಳಕು ಭೌತಶಾಸ್ತ್ರ. ರಕ್ತ ಜೀವಶಾಸ್ತ್ರ. ಏರಿಳಿಯೋ ಭಾಗವನ್ನು ಬೇರೆ ಮಾಡೋದು ಗಣಿತ. ಮೂರನ್ನೂ ಒಟ್ಟಿಗೆ ಹಿಡಿದರೆ ಅದೇ ಬಯೋಫಿಸಿಕ್ಸ್. ನಮ್ಮ ಭಾವನವರ ಪ್ರಶ್ನೆಗೆ ಮೊದಲ ಉತ್ತರ ಇದು: ಎರಡೂ ಕೂಡಿಸಿದರೆ ಬರೋದು ಮಾವನವರ ಬೆರಳಿಗೆ ಹಾಕಿದ ಆ ಕ್ಲಿಪ್ಪು. ಇಸಿಜಿ ಅದೇ, ಎಂಆರ್‌ಐ ಅದೇ.

ಇನ್ನು ಜಗಳಕ್ಕೆ ಬರ್ತೀನಿ. ನನ್ನ ಜಗಳ ಮೂರು ಜನರ ಜೊತೆ. ಮೂರನೆಯವರು ಯಾರು ಅಂತ ಕೊನೆಗೆ ಹೇಳ್ತೀನಿ.

ಮೊದಲನೆಯವರು ಮನೆಯವರು. ಅವರ ಪ್ರಶ್ನೆ ನೌಕರಿ. ಈ ಪ್ರಶ್ನೆಯನ್ನು ಗೇಲಿ ಮಾಡೋ ಹಕ್ಕು ನನಗಿಲ್ಲ, ನನ್ನ ಓದೂ ಇದೇ ಪ್ರಶ್ನೆಯಿಂದ ಹುಟ್ಟಿದ್ದು. ನನ್ನ ತಕರಾರು ಬೇರೆ. ಈ ಪ್ರಶ್ನೆಯನ್ನು ಬಯೋಫಿಸಿಕ್ಸ್‌ಗೆ ಮಾತ್ರ ಯಾಕೆ ಕೇಳ್ತೀರಿ? 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರೋ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ನಮ್ಮ ಗಡಿಯ ಮಕ್ಕಳು ಬೀದರ್‌ಗೆ, ಕಲಬುರಗಿಗೆ, ಲಾತೂರಿಗೆ ಹೋಗಿ ಒಂದು ವರ್ಷ, ಎರಡು ವರ್ಷ, ಕೆಲವರು ಮೂರು ವರ್ಷ ರಿಪೀಟ್ ಮಾಡ್ತಾರೆ. ಬಂಗಾರ ಅಡ ಇಡ್ತಾರೆ. ಅದಕ್ಕೆ ನಾವು ‘ತಯಾರಿ’ ಅಂತೀವಿ. ಅದೇ ಮೂರು ವರ್ಷದಲ್ಲಿ ಒಂದು ಬಿಎಸ್ಸಿ ಮುಗಿಯುತ್ತೆ. ಅದಕ್ಕೆ ಮಾತ್ರ ‘ವರ್ಷ ಹಾಳು’ ಅಂತೀವಿ.

ಬಿಇಗೂ ಹಾಗೇ. ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕ ದಿನ ಯಾರೂ ‘ಎರಡೂ ಕೂಡಿಸಿದ್ರ ಯಾವ ನೌಕರಿ’ ಅಂತ ಕೇಳಲ್ಲ. ಸಾವಿರಗಟ್ಟಲೆ ಜನರನ್ನು ಒಟ್ಟಿಗೆ ತಗೊಳ್ಳೋ ಕಂಪನಿಗಳು ಹೊಸಬರಿಗೆ ಕೊಡೋದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ನಾನು ಸೇರಿದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಷ್ಟರಲ್ಲಿ ಬಾಡಿಗೆ, ಹಾಲು, ಬಸ್ ಪಾಸು ಎಲ್ಲಾ ಎಲ್ಲಿಗೆ ಹೋಗಿ ನಿಂತಿದೆ ಅಂತ ನಿಮಗೆ ನಾನು ಹೇಳಬೇಕಾ? ನನ್ನ ಕಾರು, ಅಪ್ಪನ ಆರ್‌ಸಿಸಿ ಎರಡೂ ಬಂದದ್ದು ಬಿಇಯಿಂದ ಅಂತ ಊರವರು ತಿಳಿದುಕೊಂಡಿದ್ದಾರೆ. ಬಂದದ್ದು ನಾನು ಹುಟ್ಟಿದ ವರ್ಷದಿಂದ. ನನ್ನ ಬ್ಯಾಚು ಹೊರಗೆ ಬಂದಾಗ ಕೆಲಸ ಇತ್ತು, ಅಷ್ಟೇ. ಇದನ್ನು ಊರಲ್ಲಿ ಒಪ್ಪಿಕೊಳ್ಳೋಕೆ ನನಗೆ ಹನ್ನೆರಡು ವರ್ಷ ಬೇಕಾಯ್ತು.

ಎರಡನೆಯವರು ಬೆಂಗಳೂರಿನ ಗೆಳೆಯರು. ಈ ವಿಷಯ ಆಫೀಸಿನ ಕ್ಯಾಂಟೀನಲ್ಲಿ ಹೇಳಿದಾಗ ನಾಲ್ಕು ಜನ ಒಟ್ಟಿಗೆ ಹೇಳಿದರು, ‘ವಾವ್! ಅವಳ ಪ್ಯಾಶನ್ ಫಾಲೋ ಮಾಡಲಿ ಬಿಡಿ.’ ಈ ಮಾತು ಕೇಳಿದರೆ ನನಗೆ ಭಾವನ ಮಾತಿಗಿಂತ ಹೆಚ್ಚು ಸಿಟ್ಟು ಬರುತ್ತೆ. ಭಾವ ತಮ್ಮ ದುಡ್ಡು, ತಮ್ಮ ಮಗಳು ಅಂತ ಹೆದರಿ ಮಾತಾಡ್ತಾರೆ. ನೀವು ಯಾರ ದುಡ್ಡಲ್ಲಿ ಧೈರ್ಯ ಹೇಳ್ತಿದ್ದೀರಿ? ಸೋಯಾಬೀನ್ ರೇಟು ಬಿದ್ದ ವರ್ಷ ಅಕ್ಕನ ಮನೆಯಲ್ಲಿ ಏನಾಗುತ್ತೆ ಅಂತ ಗೊತ್ತಾ? ಪ್ಯಾಶನ್ ಅನ್ನೋದು ಬೀಳೋಕೆ ಹಾಸಿಗೆ ಇದ್ದವರ ಮಾತು. ಹಳ್ಳಿಯ ಹುಡುಗಿಗೆ ಬೇಕಾಗಿರೋದು ಬೆನ್ನು ತಟ್ಟೋದಲ್ಲ, ಮಾಹಿತಿ. ಯಾವ ಪರೀಕ್ಷೆ, ಯಾವ ತಾರೀಖು, ಎಷ್ಟು ವರ್ಷ, ಎಷ್ಟು ದುಡ್ಡು, ಆಗದೇ ಹೋದರೆ ಮುಂದೇನು?

ಹಾಗಾಗಿ ಅವಳಿಗೂ, ಅವಳ ಅಪ್ಪನಿಗೂ ನಾನು ಹೇಳಿದ್ದನ್ನೇ ಇಲ್ಲಿ ಬರೀತೀನಿ.

ಒಂದನೇ ಮಾತು. ಪದವಿಯಲ್ಲೇ ‘ಬಯೋಫಿಸಿಕ್ಸ್’ ಅನ್ನೋ ಹೆಸರಿನ ಹಿಂದೆ ಓಡಬೇಡ. ಹಾಗೊಂದು ಪದವಿ ಇಲ್ಲ ಅಂತಲ್ಲ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಬಯೋಫಿಸಿಕ್ಸ್ ಹೆಸರಲ್ಲೇ ಬಿಎಸ್ಸಿ ಆನರ್ಸ್ ಇದೆ. ಆದರೆ ನಮ್ಮ ದೇಶದಲ್ಲಿ ಈ ವಿಷಯದ ದೊಡ್ಡ ಮನೆಗಳ ಬಾಗಿಲು ತೆರೆಯೋದು ಪದವಿ ಆದಮೇಲೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಇದೆ, ನಿಮ್ಹಾನ್ಸ್‌ನಲ್ಲಿ ಬಯೋಫಿಸಿಕ್ಸ್ ವಿಭಾಗ ಇದೆ, ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ಇದೆ. ಅಲ್ಲಿಗೆ ಹೋಗೋವಾಗ ಕೈಯಲ್ಲಿ ಏನಿರಬೇಕು ಅನ್ನೋದೇ ಪದವಿಯ ಪ್ರಶ್ನೆ.

ಆ ದಾರಿಯಲ್ಲಿ ನಡೆದವರನ್ನೇ ನೋಡಿ. ಜಿ.ಎನ್. ರಾಮಚಂದ್ರನ್ ಓದಿದ್ದು ತಿರುಚಿರಾಪಳ್ಳಿಯಲ್ಲಿ ಫಿಸಿಕ್ಸ್ ಆನರ್ಸ್. 1942ರಲ್ಲಿ ಐಐಎಸ್‌ಸಿಗೆ ಬಂದದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ. ಅಂದರೆ ನಮ್ಮ ಹಾಗೇ. ಸಿ.ವಿ. ರಾಮನ್ ಅವರನ್ನು ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಎಳೆದುಕೊಂಡರು. ಮುಂದೆ ಮದ್ರಾಸಿಗೆ ಹೋಗಿ, ಅಲ್ಲಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಮಾದರಿ ತಂದು, ಕೊಲಾಜೆನ್ ಅನ್ನೋ ಪ್ರೋಟೀನು ಮೂರೆಳೆ ಹುರಿಯ ಹಾಗೆ ಹೆಣೆದುಕೊಂಡಿರುತ್ತೆ ಅಂತ 1954ರಲ್ಲಿ ಗೋಪಿನಾಥ ಕರ್ತಾ ಜೊತೆ ತೋರಿಸಿದರು. ನಮ್ಮ ಚರ್ಮ, ಸ್ನಾಯುರಜ್ಜು, ಮೂಳೆ ಎಲ್ಲದರ ಗಟ್ಟಿತನ ಅದರಿಂದಲೇ. ಕಲ್ಯಾಣದ ಹರಳಯ್ಯ ಹದ ಮಾಡುತ್ತಿದ್ದ ಚರ್ಮದಲ್ಲಿ ಇದ್ದದ್ದೂ ಅದೇ ಕೊಲಾಜೆನ್.

1963ರಲ್ಲಿ ಅವರು, ರಾಮಕೃಷ್ಣನ್, ಶಶಿಶೇಖರನ್ ಮೂವರೂ ಸೇರಿ ಇನ್ನೊಂದು ಕೆಲಸ ಮಾಡಿದರು. ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಸರ. ಸರದ ಪ್ರತಿ ಮಣಿಯ ಎರಡೂ ಕಡೆ ಅದು ತಿರುಗಬಲ್ಲ ಎರಡು ಕೋನಗಳಿವೆ. ಹೇಗೆ ಬೇಕಾದರೂ ತಿರುಗಬಹುದು ಅನ್ನಿಸುತ್ತೆ. ಆದರೆ ನಿಮ್ಮ ಮೊಣಕೈ ಹಿಂದಕ್ಕೆ ಬಾಗಲ್ಲ ಹೇಗೋ ಹಾಗೇ, ಕೆಲವು ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೀತವೆ. ಯಾವ ಕೋನ ಸಾಧ್ಯ, ಯಾವುದು ಅಸಾಧ್ಯ ಅಂತ ಲೆಕ್ಕ ಹಾಕಿ ಒಂದು ನಕ್ಷೆ ಬರೆದರು. ಅದೇ ರಾಮಚಂದ್ರನ್ ಪ್ಲಾಟ್. ಇವತ್ತಿಗೂ ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನಿನ ಆಕಾರ ಪ್ರಕಟಿಸಿದರೂ ಅದನ್ನು ಈ ನಕ್ಷೆಗೆ ಹಚ್ಚಿ ನೋಡ್ತಾರೆ. ನಾವು ಕೋಡಲ್ಲಿ ಇನ್‌ಪುಟ್ ವ್ಯಾಲಿಡೇಶನ್ ಅಂತೀವಲ್ಲ, ಹಾಗೆ. ರಾಮಚಂದ್ರನ್ ಬೆಂಗಳೂರಿಗೆ ವಾಪಸ್ ಬಂದು 1971ರಲ್ಲಿ ಕಟ್ಟಿದ್ದೇ ಐಐಎಸ್‌ಸಿಯ ಆ ಯೂನಿಟ್ಟು.

ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಫಿಸಿಕ್ಸ್ ಬಿಎಸ್ಸಿ ಮಾಡಿದರು. ಐಐಟಿ ಸಿಕ್ಕಿರಲಿಲ್ಲ. ಅಮೆರಿಕದಲ್ಲಿ ಫಿಸಿಕ್ಸ್‌ನಲ್ಲೇ ಪಿಎಚ್‌ಡಿ ಮುಗಿಸಿ, ಆಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕೂತು ಎರಡು ವರ್ಷ ಜೀವಶಾಸ್ತ್ರ ಕಲಿತರು. ರೈಬೋಸೋಮಿನ ಆಕಾರ ಕಂಡುಹಿಡಿದದ್ದಕ್ಕೆ 2009ರಲ್ಲಿ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರಕ್ಕೆ. ಇವರೆಲ್ಲರ ಬುಡ ಒಂದೇ. ಭೌತಶಾಸ್ತ್ರ, ಗಣಿತ ಗಟ್ಟಿ. ಪ್ರಶ್ನೆ ಮಾತ್ರ ಜೀವದ್ದು. ಅದಕ್ಕೇ ಹುಡುಗಿಗೆ ನಾನು ಹೇಳಿದ್ದು: ಹೆಸರು ಬಿಡು, ಗಣಿತ ಬಿಡಬೇಡ. ಜೀವಶಾಸ್ತ್ರವನ್ನು ಇಪ್ಪತ್ತೈದನೇ ವಯಸ್ಸಿನಲ್ಲಿ ಕಲಿತು ಗೆದ್ದವರಿದ್ದಾರೆ. ಹದಿನೆಂಟಕ್ಕೆ ಬಿಟ್ಟ ಗಣಿತವನ್ನು ಇಪ್ಪತ್ತೈದಕ್ಕೆ ಹಿಡಿಯೋದು ಬಹಳ ಕಷ್ಟ.

ಎರಡನೇ ಮಾತು, ನಮ್ಮ ಕಾಲೇಜುಗಳ ಗೋಡೆ. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡ ಮಗು ಎರಡು ವರ್ಷ ಮಾತ್ರ ಗಣಿತ, ಜೀವಶಾಸ್ತ್ರ ಎರಡನ್ನೂ ಕೈಯಲ್ಲಿ ಹಿಡ್ಕೊಂಡಿರುತ್ತೆ. ಅದೂ ನೀಟ್ ಕೈಕೊಟ್ಟರೆ ಸಿಇಟಿ ಇರಲಿ ಅಂತ. ಪದವಿ ಕಾಲೇಜಿಗೆ ಬಂದರೆ ಬೋರ್ಡಿನ ಮೇಲೆ ಎರಡು ಸಾಲು: ಪಿಸಿಎಂ, ಸಿಬಿಜೆಡ್. ಗಣಿತ ಬೇಕಾದರೆ ಗಿಡ-ಪ್ರಾಣಿ ಬಿಡು, ಗಿಡ-ಪ್ರಾಣಿ ಬೇಕಾದರೆ ಗಣಿತ ಬಿಡು. ಈ ಗೋಡೆ ಕಟ್ಟಿದ್ದು ಪ್ರಕೃತಿ ಅಲ್ಲ, ಟೈಮ್‌ಟೇಬಲ್. 2021ರಲ್ಲಿ ನಾಲ್ಕು ವರ್ಷದ ಪದವಿ, ಎರಡು ಮುಖ್ಯ ವಿಷಯ ಅಂದರು. 2024ರಲ್ಲಿ ಮತ್ತೆ ಮೂರು ವರ್ಷ, ಮೂರು ವಿಷಯಕ್ಕೆ ತಂದು ನಿಲ್ಲಿಸಿದರು. ವರ್ಷದ ಲೆಕ್ಕ ಎರಡು ಸಲ ಬದಲಾಯ್ತು. ಗೋಡೆಯ ಬಗ್ಗೆ ಮಾತಾಡಿದವರು ಕಡಿಮೆ.

ಇದು ಎಲ್ಲಿ ನಡೀತಿದೆ ನೋಡಿ. ಕಲ್ಯಾಣದ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಔಷಧ, ಅಡುಗೆ, ಆನೆ, ಸಂಗೀತ ಎಲ್ಲಾ ಒಂದೇ ಪುಸ್ತಕದಲ್ಲಿವೆ. ಅದೇ ಶತಮಾನದಲ್ಲಿ, ಅದೇ ಊರಲ್ಲಿ ಸಮಗಾರ, ಅಂಬಿಗ, ಮಡಿವಾಳ ಎಲ್ಲರೂ ಒಂದು ಕಡೆ ಕೂತು ಚರ್ಚೆ ಮಾಡಿದರು ಅಂತ ನಾವು ಎದೆ ತಟ್ಟಿ ಹೇಳ್ಕೋತೀವಿ. ವೇದಿಕೆ ಮೇಲೆ ಅನುಭವ ಮಂಟಪ, ಕಾಲೇಜಿನೊಳಗೆ ಕಾಂಬಿನೇಶನ್.

ಹಾಗಂತ ದಾರಿ ಇಲ್ಲವೇ ಅಂದರೆ ಇದೆ. ಐಐಎಸ್‌ಸಿ 2011ರಲ್ಲಿ ನಾಲ್ಕು ವರ್ಷದ ಪದವಿ ಶುರುಮಾಡಿತು. ಅಲ್ಲಿ ಮುಂದೆ ಏನನ್ನೇ ಮುಖ್ಯ ವಿಷಯ ಮಾಡಿಕೊಂಡರೂ ಮೊದಲ ಮೂರು ಸೆಮಿಸ್ಟರ್ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಜೀವಶಾಸ್ತ್ರ ಎಲ್ಲರೂ ಓದಬೇಕು. ಐಸರ್‌ಗಳು ಏಳಿವೆ. ಅವುಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ, ನಾಲ್ಕೂ ವಿಷಯಕ್ಕೆ ತಲಾ 15. ಪಿಸಿಎಂಬಿ ಓದಿದ ಮಗುವಿಗೆ ಹೇಳಿ ಮಾಡಿಸಿದ ಪರೀಕ್ಷೆ. ಏಳರಲ್ಲಿ ಒಂದೂ ಕರ್ನಾಟಕದಲ್ಲಿಲ್ಲ, ನಿಜ. ಆದರೆ ಬಸವಕಲ್ಯಾಣಕ್ಕೆ ಬೆಂಗಳೂರಿಗಿಂತ ಪುಣೆ ಹತ್ತಿರ. ಹುಮನಾಬಾದ್ ಮೇಲೆ ಹಾದುಹೋಗೋ ಹೈವೇ ನೇರ ಪುಣೆಗೇ ಹೋಗಿ ಮುಟ್ಟುತ್ತೆ. ಇವೆಲ್ಲ ಕೇಂದ್ರದ ಸಂಸ್ಥೆಗಳು, 371(ಜೆ) ಅಲ್ಲಿ ನಡೆಯಲ್ಲ. ನಮ್ಮ ಭಾಗದವರು ಹೋರಾಡಿ ಪಡೆದ ಆ ಮೀಸಲಾತಿ ರಾಜ್ಯದ ಸೀಟು ಕೊಡಿಸುತ್ತೆ. ಇಂಥದ್ದೊಂದು ಓದು ಇದೆ ಅನ್ನೋ ಸುದ್ದಿಯನ್ನು ಮನೆಗೆ ತಂದು ಮುಟ್ಟಿಸಲ್ಲ.

ಮೂರನೇ ಮಾತು, ಸುಳ್ಳು ಹೇಳಬಾರದು. ಈ ದಾರಿ ಉದ್ದ. ಪದವಿ ಮೂರು ವರ್ಷ, ಎಂಎಸ್ಸಿ ಎರಡು, ಪಿಎಚ್‌ಡಿ ಐದು. ಭಾವ ಬೆರಳು ಮಡಚಿ ಲೆಕ್ಕ ಹಾಕಿದರು. ‘ಇಪ್ಪತ್ತೆಂಟು ಆಗ್ತದ. ಲಗ್ನ ಯಾವಾಗ?’ ಕ್ಯಾಂಪಸ್‌ಗೆ ಯಾವ ಕಂಪನಿಯೂ ಬಂದು ನಿಲ್ಲಲ್ಲ. ಪಿಎಚ್‌ಡಿ ಮಾಡೋರಿಗೆ ಕೇಂದ್ರ ಸರ್ಕಾರ ಕೊಡೋ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000. ಅಂದರೆ ವರ್ಷಕ್ಕೆ 4.44 ಲಕ್ಷ, ಜೊತೆಗೆ ಬಾಡಿಗೆ ಭತ್ಯೆ. ನನ್ನ ಮೊದಲ ಸಂಬಳಕ್ಕಿಂತ ಹೆಚ್ಚೇ. ಆದರೆ ಅದು ಐದು ವರ್ಷ ಓದಿದ ಮೇಲೆ, ಗೆದ್ದವರಿಗೆ ಮಾತ್ರ. ಹಣ ಬರೋದು ತಡವಾಗಿದ್ದೂ ಉಂಟು. ಮನೆಯಲ್ಲಿ ನಾಳೆಯೇ ಸಂಬಳ ಬೇಕಾಗಿದ್ದರೆ ಈ ದಾರಿ ಬೇಡ ಅಂತ ನಾನೇ ಹೇಳ್ತೀನಿ. ಅದರಲ್ಲಿ ಅವಮಾನ ಇಲ್ಲ. ಅವಮಾನ ಇರೋದು ಲೆಕ್ಕವನ್ನೇ ಮಾಡದೆ ‘ಅದೆಲ್ಲ ನಮ್ಮಂಥವರಿಗಲ್ಲ’ ಅನ್ನೋದರಲ್ಲಿ.

ಲಗ್ನದ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಾನಲ್ಲ, ಅಕ್ಕ. ‘ನೀಟ್ ಮೂರು ಸಲ ಬರ್ದು ಎಂಡಿ ಮಾಡಿದ್ರೂ ಅಷ್ಟೇ ಆಗ್ತದ. ಆವಾಗ್ಯಾಕ ಲಗ್ನ ನೆನಪಾಗಲಿಲ್ಲ ನಿಮಗ?’ ಭಾವ ಸುಮ್ಮನಾದರು.

ಇಷ್ಟು ಹೇಳಿದ ಮೇಲೆ ಸಾಫ್ಟ್‌ವೇರ್‌ನವರು ಒಂದು ಪ್ರಶ್ನೆ ಕೇಳ್ತಾರೆ. ‘ಗುರೂ, ಪ್ರೋಟೀನೆಲ್ಲ ಎಐ ಮುಗಿಸಿಬಿಡ್ತು. 2024ರ ನೊಬೆಲ್ಲೇ ಕೊಟ್ಟರು. ಕಂಪ್ಯೂಟರ್ ಸೈನ್ಸ್ ಓದಿದರೇ ಆಯ್ತಲ್ಲ?’ ಹೌದು, ಆಲ್ಫಾಫೋಲ್ಡ್ ದೊಡ್ಡ ಕೆಲಸ. ಅದಕ್ಕೆ ನೊಬೆಲ್ ಹಂಚಿಕೊಂಡ ಜಾನ್ ಜಂಪರ್ ಪದವಿಯಲ್ಲಿ ಓದಿದ್ದು ಫಿಸಿಕ್ಸ್ ಮತ್ತು ಗಣಿತ. ಆ ಪ್ರೋಗ್ರಾಮು ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. 1971ರಲ್ಲಿ, ಐಐಎಸ್‌ಸಿಯ ಯೂನಿಟ್ಟು ಶುರುವಾದ ವರ್ಷವೇ, ಏಳು ಪ್ರೋಟೀನಿನ ಆಕಾರ ಇಟ್ಟುಕೊಂಡು ಆ ಬ್ಯಾಂಕು ಶುರುವಾಯ್ತು. ಐವತ್ತು ವರ್ಷ ಯಾರೋ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಒಂದೊಂದೇ ಆಕಾರ ತಂದು ತುಂಬಿದರು. ಬೆಳೆದವರು ಒಬ್ಬರು, ಕೊನೆಗೆ ಯಂತ್ರ ತಂದು ರಾಶಿ ಮಾಡಿದವರು ಇನ್ನೊಬ್ಬರು. ನಾವು ಕೋಡ್ ಬರೆಯೋರು ರಾಶಿ ಯಂತ್ರದವರು. ಹೊಲದವರಿಲ್ಲದಿದ್ದರೆ ನಮಗೇನು ಕೆಲಸ? ಕರ್ರಗಿನ ಬೆರಳಿನ ಅಳತೆಯನ್ನು ಯಾರೂ ತಗೊಂಡಿರದಿದ್ದರೆ ಯಾವ ಎಐ ಅದನ್ನು ಊಹಿಸಿಕೊಡುತ್ತೆ?

ಈಗ ಮೂರನೆಯವರು. ಅದು ನಾನು.

ಹುಡುಗಿಗೆ ಐಸರ್ ಪರೀಕ್ಷೆ ಬಗ್ಗೆ ಹೇಳೋಣ ಅಂತ ಅವಳ ಎದುರಲ್ಲೇ ಫೋನ್ ತೆಗೆದು ತಾರೀಖು ನೋಡಿದೆ. ಪರೀಕ್ಷೆ ಮೇ ತಿಂಗಳಲ್ಲೇ ಮುಗಿದುಹೋಗಿತ್ತು. ಅರ್ಜಿ ಹಾಕಬೇಕಾಗಿದ್ದದ್ದು ಅದಕ್ಕೂ ಮೊದಲು. ಅವಳ ಕಾಲೇಜಿನಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಕಾಲೇಜನ್ನು ಬೈಯೋಕೆ ಬಾಯಿ ತೆರೆದೆ, ಮುಚ್ಚಿಕೊಂಡೆ. ನಾನು ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿದ್ದೀನಿ. ಐಐಎಸ್‌ಸಿ ಗೇಟಿನ ಮುಂದೆ ಎಷ್ಟು ಸಲ ಟ್ರಾಫಿಕ್ಕಲ್ಲಿ ನಿಂತಿಲ್ಲ? ಹಬ್ಬಕ್ಕೆ ಅವಳಿಗೆ ಡ್ರೆಸ್ ಕಳಿಸಿದ್ದೀನಿ, ಪಿಯುಸಿಗೆ ಸೇರಿದಾಗ ಟ್ಯಾಬ್ ಕೊಡಿಸಿದ್ದೀನಿ. ಒಂದು ಲಿಂಕ್ ಕಳಿಸಿರಲಿಲ್ಲ. ಅವಳು ‘ಇನ್ನೂ ಹೇಳಿಲ್ಲ’ ಅಂದದ್ದು ಆಕ್ಸಿಮೀಟರ್ ಬಗ್ಗೆ ಇರಬಹುದು. ನನಗೆ ಮಾತ್ರ ಎಲ್ಲದರ ಬಗ್ಗೆಯೂ ಕೇಳಿಸಿತು.

ಅವತ್ತು ರಾತ್ರಿ ಕಟ್ಟೆ ಮೇಲೆ ಕೂತು ನಾಲ್ಕು ವರ್ಷ ತಡವಾಗಿ ಅವಳಿಗೆ ಉತ್ತರ ಹೇಳಿದೆ. ಕೆಂಪು ದೀಪ, ಕಾಣದ ದೀಪ, ಮಿಡಿತ, ಕರ್ರಗಿನ ಬೆರಳು, ಎಲ್ಲಾ. ಭಾವ ಪಕ್ಕದಲ್ಲೇ ಕೂತು ಕೇಳಿದರು. ಅವರು ಕೇಳಿದ್ದು ಒಂದೇ: ‘ಹಂಗಂದ್ರ ಆವಾಗ ಮಾವನೋರ ನಂಬರ್ ಖರೇ ಇತ್ತೋ ಇಲ್ಲೋ?’ ನನಗೆ ಗೊತ್ತಿಲ್ಲ ಅಂದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ರಾಜಿ ಆಯ್ತು. ಹುಡುಗಿ ಹುಮನಾಬಾದ್ ಕಡೆ ಮುತ್ಯಾನ ಮನೆಯಲ್ಲಿದ್ದುಕೊಂಡು ಬಿಎಸ್ಸಿ ಪಿಸಿಎಂ ಸೇರೋದು. ಜೀವಶಾಸ್ತ್ರದ ಪುಸ್ತಕ ಮಾರಬಾರದು. ಮುಂದಿನ ವರ್ಷ ಐಸರ್ ಪರೀಕ್ಷೆ ಬರೆಯೋದು. ಪಾಠದ ಖರ್ಚು, ಅರ್ಜಿ ಖರ್ಚು ನಂದು. ಭಾವನ ಕರಾರು ಒಂದು: ‘ಸಿಇಟಿನೂ ಮತ್ತ ಬರೀಬೇಕು. ಒಂದೇ ವರ್ಷ ನೋಡ್ರಿ.’ ಇದು ಗೆಲುವಲ್ಲ. ಸಿಗಬೇಕಾಗಿದ್ದ ಒಂದು ವರ್ಷವನ್ನು ನಮ್ಮ ಮರೆವಿಗೆ ದಂಡ ಕಟ್ಟಿಸಿ ಅವಳಿಂದಲೇ ವಸೂಲಿ ಮಾಡಿದ್ದು.

ಇದನ್ನು ಓದ್ತಿರೋ ನಿಮಗೂ ಇಂಥ ಫೋನ್ ಬರುತ್ತೆ. ಊರಲ್ಲಿ ಓದಿ ಇಲ್ಲಿಗೆ ಬಂದವರೆಲ್ಲ ತಮ್ಮ ತಮ್ಮ ಮನೆಯ ಸಾಕ್ಷಿಗಳೇ. ಆದರೆ ಮೇ ತಿಂಗಳ ಫೋನಿಗೆ ಕಾಯಬೇಡಿ, ಅಷ್ಟೊತ್ತಿಗೆ ಬಾಗಿಲು ಮುಚ್ಚಿರುತ್ತೆ. ಸಂಕ್ರಾಂತಿ ಹೊತ್ತಿಗೆ ನೀವೇ ಮಾಡಿ. ಪಿಯುಸಿ ಎರಡನೇ ವರ್ಷದಲ್ಲಿರೋ ಅಕ್ಕನ ಮಗಳೋ, ಚಿಕ್ಕಪ್ಪನ ಮಗನೋ, ಪಕ್ಕದ ಮನೆಯ ಹುಡುಗನೋ ಇರ್ತಾರೆ. ನೀಟ್, ಸಿಇಟಿ ಬಿಟ್ಟು ಇನ್ನೂ ಎರಡು ಪರೀಕ್ಷೆ ಇವೆ ಅಂತ ಹೇಳಿ, ಅರ್ಜಿ ಶುಲ್ಕ ಕಟ್ಟಿ, ಗಣಿತ ಬಿಡಬೇಡ ಅನ್ನಿ. ಐದು ನಿಮಿಷದ ಕೆಲಸ. ನಾನು ಮುಂದಿನ ಪಟ್ಟಿ ಮಾಡಿಟ್ಟಿದ್ದೀನಿ. ನಮ್ಮ ಎರಡೂ ಊರು ಸೇರಿ ಈ ಸಲ ಹನ್ನೊಂದು ಮಕ್ಕಳಿದ್ದಾರೆ.